ಮಂಗಳೂರಿನಲ್ಲಿ ಮನೆ ಮಾಡಿದ್ದ ಹೀಬ್ರೂ ಕವಿ



ಹೀಬ್ರೂ ಕವಿ ಎಂದೊಡನೆ ನಿಮ್ಮಲ್ಲಿ ಕೆಲವರು ಪುಟ ಮಗುಚಿಬಿಡುವಿರೆಂದು ನಮಗೆ ಗೊತ್ತು. ಎಲ್ಲಿಯ ಹೀಬ್ರೂ, ಎಲ್ಲಿಯ ಕಸ್ಬಾದ ಕನ್ನಡಿಗರು! ಸ್ವಲ್ಪ ತಾಳಿರಿ. ಈ ಸಂಚಿಕೆಯ ಅಭ್ಯಾಸ ಪಾಠಕ್ಕೆ ನಾವು ಆರಿಸಿಕೊಂಡ ಕವಿಯು ಸುಮಾರು 900 ವರ್ಷಗಳ ಹಿಂದೆ ನಮ್ಮ ಮಂಗಳೂರಿನಲ್ಲಿ ಮನೆ ಮಾಡಿಕೊಂಡು, ವ್ಯಾಪಾರ ನಡೆಸಿ, ಮಕ್ಕಳೊಂದಿಗನಾಗಿ ಬಾಳಿದವನು. ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟಿದ ಊರು ಆಫ್ರಿಕದ ಉತ್ತರ ದಂಡೆಯ ಮಹ್ದಿಯಾ. ಅದು ಇಂದಿನ ಟುನೀಸಿಯಾ ದೇಶದಲ್ಲಿದೆ. ಅಲ್ಲಿಂದ ಹೊರಟು, ಕೆಂಪು ಸಮುದ್ರವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ, ಹೊಟ್ಟೆಪಾಡಿಗೆಂದು ನಮ್ಮ ಕರಾವಳಿಗೆ ಬಂದು 17 ವರ್ಷಕ್ಕೆ ಕಡಿಮೆಯಿಲ್ಲದೆ ಉಳಿದನು.

ಹೀಬ್ರೂ ಸಾಹಿತ್ಯದಲ್ಲಿ ಮಹಾಕವಿಗಳಿರುವಾಗ ಇವನನ್ನೇಕೆ ಹಿಡಿದಿರಿ ಎಂದು ಕೇಳಬಹುದು. ಮಹಾಕವಿಗಳ ಸುದ್ದಿಯನ್ನು ಅವರ ಪದ್ಯಗಳೇ ನಮಗೆ ತಲುಪಿಸುತ್ತವೆ. ಇವನ ವಿಷಯ ತಿಳಿದುಬಂದಿರುವುದು ಬಹುಪಾಲು ಲೆಕ್ಕದ ಚೀಟಿ, ಬಾಕಿಯ ಪಟ್ಟಿ, ಮಾಲು ಬಂತೆಂಬ ಪತ್ರ, ಬರಲಿಲ್ಲವೆಂಬ ದೂರು ಮುಂತಾದವುಗಳಿಂದ. ಗಿರಣಿಯ ಲೆಕ್ಕದ ಮನೆಯಲ್ಲಿ ಕುಳಿತು ನಾವು ದಿನವೂ ಕೈಯಾಡಿಸುವ ಜಾತಿಯ ಕಾಗದಗಳೇ ಅವು. ಅಂಥ ಕಾಗದದ ಕಂತೆಯಿಂದ ಒಬ್ಬ ಕವಿಯ ಬಾಳು ಎದ್ದುಬಂದಿತೆಂದರೆ ನಮ್ಮಂಥವರಿಗೆ ಕುತೂಹಲ ಸಹಜವೇ.

ಮೊದಲು ಭಾಷೆಯ ಬಗೆಗೆ ನಾಲ್ಕು ಮಾತು. ಹೀಬ್ರೂ ಯೆಹೂದಿಗಳ ಧರ್ಮಭಾಷೆ. 22 ಅಕ್ಷರ, ಬಲದಿಂದ ಎಡಕ್ಕೆ ಬರವಣಿಗೆ, ಬರೆಯುವಾಗ ವ್ಯಂಜನಗಳೇ ಮುಖ್ಯ, ಸ್ವರಗಳನ್ನು ಬಹುಮಟ್ಟಿಗೆ ಓದುವವನೇ ತುಂಬಿಕೊಳ್ಳಬೇಕು. ಸುಮಾರು 1700 ವರ್ಷಗಳ ಕಾಲ ಅದು ಮನೆಮಾತಾಗಿರಲಿಲ್ಲ. ನಮ್ಮಲ್ಲಿ ಸಂಸ್ಕೃತವಿದ್ದಂತೆ ಪೂಜೆಗೆ, ಶಾಸ್ತ್ರಕ್ಕೆ, ಕಾವ್ಯಕ್ಕೆ ಮೀಸಲಾಗಿತ್ತು. 19ನೆಯ ಶತಮಾನದ ಕೊನೆಗೆ ಎಲಿಯೇಜರ್ ಬೆನ್ ಯೆಹೂದಾ ಮೊದಲಾದವರ ಹಟದಿಂದ ಪುನಃ ಆಡುಮಾತಾಯಿತು. ಹೊಸ ಕಾಲದ ದೊಡ್ಡ ಹೀಬ್ರೂ ಕವಿ ಬ್ಯಾಲಿಕ್ 1873ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡರು. ಅವರ ಪಾಠ ಬೇರೆ ಸಂಚಿಕೆಗಿರಲಿ.

ಈ ಅಕ್ಷರಗಳನ್ನು ಕಣ್ಣಾರೆ ಕಾಣಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಡಾಲ್‌ಹೌಸಿ ಕಡೆಗೆ ಕೆಲಸಕ್ಕೆ ಹೋಗುವವರು ಬ್ರಾಬೋರ್ನ್ ರಸ್ತೆಯಲ್ಲಿ ಕೆಂಪಿಟ್ಟಿಗೆಯ ಎತ್ತರದ ಗೋಪುರವೊಂದನ್ನು ನೋಡಿಯೇ ಇರುತ್ತೀರಿ. ಹಲವರು ಅದನ್ನು ಇಗರ್ಜಿಯೆಂದು ತಿಳಿದಿರುವುದುಂಟು. ಅದು 1884ರಲ್ಲಿ ಕಟ್ಟಿದ ಮಾಗೆನ್ ಡೇವಿಡ್ ಎಂಬ ಯೆಹೂದಿ ಪ್ರಾರ್ಥನಾಮಂದಿರ. 1798ರಲ್ಲಿ ಅಲೆಪ್ಪೋದ ಶಾಲೋಂ ಕೋಹೆನ್ ಎಂಬ ವರ್ತಕ ಈ ಊರಿಗೆ ಬಂದು ನೆಲೆಸಿದ ಮೇಲೆ ಬಾಗ್ದಾದ್ ಕಡೆಯ ಯೆಹೂದಿಗಳು ಒಬ್ಬರ ಹಿಂದೊಬ್ಬರು ಬಂದರು. 1840ರ ದಶಕದಲ್ಲೇ ಇಲ್ಲಿ ಹೀಬ್ರೂ ಅಚ್ಚುಕೂಟವಿತ್ತು. ಈಗ ಅವರಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ. ನ್ಯೂ ಮಾರ್ಕೆಟ್ಟಿನ ನಾಹುಮ್ ಬೇಕರಿಯ ಕೇಕನ್ನು ಮಾತ್ರ ಇಡೀ ಊರು ಬಲ್ಲದು. ಆದರೆ ನಮ್ಮ ಕವಿ ಈ ಕಲ್ಕತ್ತೆಯ ಯೆಹೂದಿಗಳಿಗಿಂತ 650 ವರ್ಷ ಹಿಂದಿನವನು. ಅವನ ಕಾಗದಗಳು ಸಿಕ್ಕಿದ್ದು ಈಜಿಪ್ಟಿನಲ್ಲಿ.

ಕಾಗದ ಕಾಲಿಗೆ ತಗುಲಿದರೆ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಗಳ ಪದ್ಧತಿ. ಯೆಹೂದಿಗಳಲ್ಲಿ ಇದೇ ಭಾವನೆ ಇನ್ನೂ ಕಟ್ಟುನಿಟ್ಟಾಗಿದೆ. ದೇವರ ಹೆಸರಿದ್ದ ಬರಹ ಹರಿದು ಹೋದರೂ ಅದನ್ನು ಸುಡುವಂತಿಲ್ಲ, ಬಿಸಾಡುವಂತಿಲ್ಲ. ಒಂದು ಕಡೆ ಕೂಡಿಟ್ಟು ಕೊನೆಗೆ ಮಣ್ಣು ಮಾಡಬೇಕು. ಹಾಗೆ ಕೂಡಿಡುವ ಜಾಗಕ್ಕೆ ಗೆನೀಜಾ ಎಂದು ಹೆಸರು. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಪ್ರಾರ್ಥನಾಮಂದಿರವಿದೆ. ಅಲ್ಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೀಬ್ರೂ ಅಕ್ಷರದಲ್ಲಿದ್ದ ಯಾವ ಕಾಗದವನ್ನೂ ಎಸೆಯದೆ ಗೋಡೆಯ ಮೇಲ್ಭಾಗದ ಕಂಡಿಯಿಂದ ಒಂದು ಕೋಣೆಗೆ ಹಾಕುತ್ತಾ ಬಂದರು. ಶಾಸ್ತ್ರಗ್ರಂಥದ ಹಾಳೆಯ ಪಕ್ಕದಲ್ಲಿ ಸಾಲಪತ್ರ, ಮದುವೆಯ ಒಪ್ಪಂದದ ಮೇಲೆ ಮೆಣಸಿನ ಬೆಲೆಯ ಚೀಟಿ, ಹೀಗೆ ಸುಮಾರು 900 ವರ್ಷಗಳ ಕಾಗದ ಅಲ್ಲಿ ಬಿದ್ದಿತು. ಮಣ್ಣು ಮಾಡುವುದಕ್ಕೆ ಯಾರೂ ಕೈಹಾಕಲಿಲ್ಲ. ಮಳೆಯಿಲ್ಲದ ದೇಶವಾದ್ದರಿಂದ ಕೊಳೆಯಲೂ ಇಲ್ಲ. ಕೇಂಬ್ರಿಜ್‌ನ ಸಾಲೊಮನ್ ಶೆಖ್ಟರ್ ಎಂಬ ಪಂಡಿತರು 1896ರ ಕೊನೆಯಲ್ಲಿ ಅಲ್ಲಿಗೆ ಹೋಗಿ, ಧೂಳು ಕುಡಿದು, ಸುಮಾರು 1,90,000 ತುಂಡುಗಳನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಉಳಿದವು ಜಗತ್ತಿನ ಬೇರೆ ಬೇರೆ ಪುಸ್ತಕಭಂಡಾರಗಳಿಗೆ ಚದುರಿದುವು.

ಇಲ್ಲಿ ನಮ್ಮ ಫ. ಗು. ಹಳಕಟ್ಟಿಯವರು ನೆನಪಿಗೆ ಬರುತ್ತಾರೆ. ವಿಜಾಪುರದ ವಕೀಲರಾಗಿದ್ದ ಅವರು ಮನೆ ಮನೆ ತಿರುಗಿ ಓಲೆಗರಿಯ ಕಟ್ಟುಗಳನ್ನು ಕಲೆಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತರದಿದ್ದರೆ ಎಷ್ಟು ವಚನಗಳು ಅಟ್ಟದ ಮೇಲೆಯೇ ಹುಳ ಹಿಡಿದುಹೋಗುತ್ತಿದ್ದವೋ! ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಜನ ಓಲೆಗೆ ಎಣ್ಣೆ ಸವರಿ ಜೋಪಾನ ಮಾಡಿದ್ದು ಪೂಜ್ಯವೆನಿಸಿದ ಗ್ರಂಥಗಳನ್ನು. ಆ ಕಾಲದ ಅಡಿಕೆ ವ್ಯಾಪಾರಿಯ ಬಾಕಿ ಚೀಟಿಯನ್ನು ಯಾರು ಕಾಪಾಡಿಟ್ಟಾರು? ಗೆನೀಜಾದಲ್ಲಿ ಉಳಿದುದು ಅಂಥ ಚೀಟಿಯೇ.

ಗೆನೀಜಾದ ವ್ಯಾಪಾರೀ ಪತ್ರಗಳನ್ನು ಜೀವಮಾನವೆಲ್ಲ ಓದಿ ವಿವರಿಸಿದವರು ಎಸ್. ಡಿ. ಗೊಯಿಟೈನ್. ಇವರು 1900ರಲ್ಲಿ ಹುಟ್ಟಿ 1985ರಲ್ಲಿ ತೀರಿಕೊಂಡರು. ಭಾರತದೊಡನೆ ವ್ಯಾಪಾರ ಮಾಡಿದ ಯೆಹೂದಿಗಳ ಪತ್ರಗಳನ್ನು ಬೇರೆಯಾಗಿ ಜೋಡಿಸಿದರು. ಅವರು ಬಿಟ್ಟುಹೋದ ಕೆಲಸವನ್ನು ಮೊರ್ದೆಖೈ ಫ್ರೀಡ್ಮನ್ ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಆ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಇದರಲ್ಲಿ ಆಶ್ಚರ್ಯವೇನಿಲ್ಲ. ಮಂಗಳೂರಿನಲ್ಲಿ ಕೊಂಕಣಿಯನ್ನೂ ತುಳುವನ್ನೂ ಕನ್ನಡ ಅಕ್ಷರದಲ್ಲಿ ಬರೆಯುವುದಿಲ್ಲವೇ? ಹಾಗೆಯೇ.

ಇನ್ನು ಕವಿಯ ಕಥೆಗೆ ಬರೋಣ. ವಾಚನಾಲಯದ ಗೋಡೆಯ ಭೂಪಟದ ಮುಂದೆ ನಿಂತು ಓದಿದರೆ ದಾರಿ ಸುಲಭವಾಗಿ ತಿಳಿಯುತ್ತದೆ. ತಂದೆ ಪೆರಹ್ಯಾ ವಿದ್ವಾಂಸ. ಅಬ್ರಹಾಮನಿಗೆ ಯೂಸುಫ್, ಮುಬಶ್ಶಿರ್ ಎಂಬ ಇಬ್ಬರು ಸಹೋದರರು, ಬೆರಾಖಾ ಎಂಬ ಸಹೋದರಿ. ಮನೆಯಲ್ಲಿ ಓದಿತ್ತು, ಹಣವಿರಲಿಲ್ಲ. ಅಬ್ರಹಾಂ ಊರು ಬಿಟ್ಟು ಏಡನ್ ಬಂದರು ಸೇರಿದನು. ಅಲ್ಲಿ ಮದ್ಮೂನ್ ಎಂಬ ದೊಡ್ಡ ವರ್ತಕನಿದ್ದನು. ಯೆಮನ್ ಯೆಹೂದಿಗಳಿಗೆಲ್ಲ ಅವನೇ ಮುಖ್ಯಸ್ಥ. ಹೊರಗಿನ ವರ್ತಕರ ಮಾಲಿಗೆ ಜವಾಬ್ದಾರನಾಗಿ, ಭಾರತಕ್ಕೆ ಹೋಗಿಬರುವ ಹಡಗುಗಳ ವ್ಯವಹಾರದಲ್ಲಿ ಕೈಯಿಟ್ಟಿದ್ದವನು. ಆತನು ಈ ತರುಣನನ್ನು ನೆಚ್ಚಿಕೊಂಡನು. 1132ಕ್ಕೆ ಮುಂಚೆಯೇ ಬೆನ್ ಯಿಜು ನಮ್ಮ ಕರಾವಳಿಗೆ ಬಂದಾಗಿತ್ತು. ಪತ್ರಗಳಲ್ಲಿ ಮಂಗಳೂರಿನ ಹೆಸರು ‘ಮಂಜರೂರ್’ ಎಂದಿದೆ.

ಆಗ ಅಲ್ಲಿ ಆಳುತ್ತಿದ್ದವರು ಆಳುಪರು. ಅರಸನ ಹೆಸರು ಕವಿ ಆಳುಪೇಂದ್ರ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನ. ಕಲ್ಯಾಣದ ಕಡೆ ಬಸವಣ್ಣನವರ ಕಾಲವೂ ಇದೇ ಶತಮಾನ. ಅವರೂ ಮೊದಲು ಮಂಗಳವಾಡದಲ್ಲಿ ಕರಣಿಕರಾಗಿ ಲೆಕ್ಕ ಬರೆದವರೆಂದು ಪರಂಪರೆ ಹೇಳುತ್ತದೆ. ಮಂಗಳೂರಿನಲ್ಲಿ ಅರಬರು, ಗುಜರಾತಿನ ಬನಿಯಾಗಳು, ಯೆಹೂದಿಗಳು ಎಲ್ಲರೂ ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಿದ್ದರು. ಹಡಗಿನ ಒಡೆಯನೊಬ್ಬನನ್ನು ಪತ್ರಗಳು ‘ಫತನ್ ಸ್ವಾಮಿ’ ಎನ್ನುತ್ತವೆ. ಅರಬ್ಬಿಯಲ್ಲಿ ಪಕಾರವಿಲ್ಲವೆಂಬುದನ್ನು ನೆನೆದರೆ ಇದು ನಮ್ಮ ಶಾಸನಗಳಲ್ಲಿ ಬರುವ ‘ಪಟ್ಟಣಸ್ವಾಮಿ’ ಎಂದು ಕನ್ನಡ ಬಲ್ಲವರಿಗೆ ಒಡನೆ ಹೊಳೆಯುತ್ತದೆ.

ಬೆನ್ ಯಿಜು ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದನು. ಜೊತೆಗೆ ಒಂದು ಕಂಚಿನ ಕಾರ್ಖಾನೆಯನ್ನೂ ನಡೆಸುತ್ತಿದ್ದನು. ಏಡನ್ನಿನ ಗಿರಾಕಿಗಳು ತಾಮ್ರ, ತವರ, ಸೀಸ, ಒಡೆದ ಹಳೆಯ ಪಾತ್ರೆಗಳನ್ನು ಹಡಗಿಗೆ ಹಾಕಿ, ಇಂಥ ಅಳತೆಯ ಬೋಗುಣಿ, ಇಂಥ ಮಾದರಿಯ ದೀಪ ಆಗಬೇಕೆಂದು ಬರೆಯುತ್ತಿದ್ದರು. ಇಲ್ಲಿನ ಕಂಚುಗಾರರು ಎರಕ ಹೊಯ್ದು ಕೊಡುತ್ತಿದ್ದರು. ಆರ್ಡರಿನ ವಿವರಗಳು ಎಷ್ಟು ಕರಾರುವಾಕ್ಕಾಗಿವೆಯೆಂದರೆ ಇಂದಿನ ಯಾವ ಖರೀದಿ ವಿಭಾಗವೂ ತಲೆದೂಗಬೇಕು. ತೊಂದರೆಗಳೂ ನಮ್ಮ ಕಾಲದವೇ. ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯ ದಲ್ಲಾಳಿಯೊಬ್ಬನು ಮಾಲು ಕೊಡದೆ ಸತಾಯಿಸಿದನು. ಏಡನ್ನಿನವರು ಪತ್ರದ ಮೇಲೆ ಪತ್ರ ಬರೆದರು. ಒಮ್ಮೆ ಹಡಗೊಂದು ಏಡನ್ ದಾಟಿದ ಮೇಲೆ ಬಾಬ್-ಅಲ್-ಮಂದಬ್ ಜಲಸಂಧಿಯ ಬಳಿ ಒಡೆಯಿತು. ಮುಳುಗುಗಾರರು ಕಬ್ಬಿಣದಲ್ಲಿ ಒಂದಷ್ಟನ್ನು ಮೇಲೆತ್ತಿದರು, ಮೆಣಸು ಸಮುದ್ರದ ಪಾಲಾಯಿತು.

ಏಡನ್ನಿನ ಸ್ನೇಹಿತರು ಮಾಲಿನ ಜೊತೆ ಕಾಣಿಕೆಯಾಗಿ ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು ಇತ್ಯಾದಿಗಳನ್ನೂ ಕಳುಹಿಸುತ್ತಿದ್ದರು. ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ಇನ್ನೊಂದು ಪದಾರ್ಥ ಕಾಗದ. ಈಜಿಪ್ಟಿನ ಬಿಳಿಯ ಕಾಗದ, ಒಳ್ಳೆಯ ಜಾತಿಯದು. ಆ ಕಾಲದ ಮಂಗಳೂರಿನಲ್ಲಿ ಕಾಗದ ಸಿಗುತ್ತಿರಲಿಲ್ಲ. ನಮ್ಮವರು ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ಬಳಿಯುತ್ತಿದ್ದರು. ಲೆಕ್ಕಕ್ಕೆ ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲು ಬಳಿದು ಮಾಡಿದ ಕಡತಗಳು ಬಹುಕಾಲ ಬಳಕೆಯಲ್ಲಿದ್ದುವು. ಆದರೆ ಹೀಬ್ರೂ ಅಕ್ಷರವನ್ನು ತಿದ್ದಿ ಬರೆದು ಅಭ್ಯಾಸವಾದ ಕೈಗೆ ತಾಳೆಗರಿ ಒಗ್ಗುವುದು ಹೇಗೆ? ಬೆನ್ ಯಿಜುವಿನ ಕೈಬರಹ ಅಂದವಾದದ್ದು, ವಿದ್ವಾಂಸರು ನೋಡಿದೊಡನೆ ಗುರುತಿಸುವಂಥದು. ಕಾಗದದಲ್ಲಿ ಅವನು ಜಿಪುಣ. ಬಂದ ಪತ್ರವನ್ನು ಓದಿ ಮುಗಿಸಿದ ಮೇಲೆ ಅದರ ಬೆನ್ನಿನ ಮೇಲೆ ಲೆಕ್ಕ ಬರೆಯುವನು, ಕರಡು ಬರೆಯುವನು. ಮಾರ್ಜಿನ್ನನ್ನೂ ಬಿಡುತ್ತಿರಲಿಲ್ಲ. ಒಂದೇ ಹಾಳೆಯ ಎರಡು ಮಗ್ಗುಲಿನಿಂದ ಎರಡು ಸುದ್ದಿ ಸಿಗುವುದರಿಂದ ಸಂಶೋಧಕರಿಗೆ ಈ ಜಿಪುಣತನದಿಂದ ಬಹಳ ಉಪಕಾರವಾಗಿದೆ.

ಈಗ ಕಾವ್ಯದ ಪಾಠ. ಇದು ಸ್ವಲ್ಪ ಶಾಸ್ತ್ರ. ಆದರೆ ಶಾಲೆಯಲ್ಲಿ ಲಘು ಗುರು ಹಾಕಿದವರಿಗೆ ಕಷ್ಟವಾಗದು. 10ನೆಯ ಶತಮಾನದಲ್ಲಿ ದುನಾಶ್ ಬೆನ್ ಲಬ್ರಾತ್ ಎಂಬವನು ಅರಬ್ಬೀ ಛಂದಸ್ಸನ್ನು ಹೀಬ್ರೂವಿಗೆ ತಂದನು. ಹಲವು ಪಂಡಿತರು ಸಿಟ್ಟಾದರು. ಹೊರಗಿನವರ ತಾಳಕ್ಕೆ ಪವಿತ್ರ ಭಾಷೆಯನ್ನು ಕುಣಿಸುವುದೇ ಎಂದು. ಆದರೆ ಪದ್ಧತಿ ನಿಂತಿತು. ಅದರಲ್ಲಿ ಎರಡು ಅಳತೆ. ಒಂದು ‘ಯತೇದ್’, ಅಂದರೆ ಡೇರೆಯ ಗೂಟ; ಒಂದು ಹ್ರಸ್ವದ ಮುಂದೆ ಒಂದು ದೀರ್ಘ, ನಮ್ಮ ಲಗ ಇದ್ದಂತೆ. ಇನ್ನೊಂದು ‘ತೆನುಆ’, ಬರಿಯ ಒಂದು ದೀರ್ಘ. ಇವೆರಡನ್ನು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದರೆ ಬೇರೆ ಬೇರೆ ವೃತ್ತ. ಒಂದು ಸಾಲಿಗೆ ‘ಮನೆ’ ಎಂದು ಹೆಸರು. ಸಾಲಿನ ಮೊದಲ ಅರ್ಧ ‘ಬಾಗಿಲು’, ಎರಡನೆಯ ಅರ್ಧ ‘ಅಗುಳಿ’. ಪದ್ಯ ಎಷ್ಟು ಉದ್ದವಿದ್ದರೂ ಎಲ್ಲ ಅಗುಳಿಗಳ ಕೊನೆಯಲ್ಲಿ ಒಂದೇ ಪ್ರಾಸ ಬೀಳಬೇಕು. ನಮ್ಮ ಹಳಗನ್ನಡದ ಕವಿಗಳಿಗೆ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ, ಇವರಿಗೆ ಕೊನೆಯಲ್ಲಿ. ಒದ್ದಾಟ ಇಬ್ಬರದೂ ಒಂದೇ.

ಹೀಬ್ರೂ ಕವಿಗೆ ಇನ್ನೊಂದು ಜಾಣ್ಮೆ ಬೇಕಾಗಿತ್ತು. ಧರ್ಮಗ್ರಂಥದ ನುಡಿಗಟ್ಟುಗಳನ್ನು ಹೊಸ ಸಂದರ್ಭದಲ್ಲಿ ಹೆಣೆಯಬೇಕು. ಕೇಳುವವನು ಮೂಲವನ್ನು ನೆನೆದು ಮುಗುಳ್ನಗಬೇಕು, ಇಲ್ಲವೆ ಕಣ್ಣೊರೆಸಿಕೊಳ್ಳಬೇಕು. ತನ್ನ ಹೆಸರನ್ನು ಸಾಲುಗಳ ಮೊದಲ ಅಕ್ಷರಗಳಲ್ಲಿ ಅಡಗಿಸುವ ವಾಡಿಕೆಯೂ ಉಂಟು. ವಚನಕಾರರಿಗೂ ದಾಸರಿಗೂ ಅಂಕಿತವಿದ್ದಂತೆ ಇದು. ಅಂಕಿತ ಎದುರಿಗೇ ನಿಲ್ಲುತ್ತದೆ, ಇದು ಮರೆಯಲ್ಲಿರುತ್ತದೆ.

ಈ ರೀತಿಯ ಕಾವ್ಯ ಅತ್ಯುನ್ನತಿಗೇರಿದ್ದು ಮುಸಲ್ಮಾನರ ಆಳ್ವಿಕೆಯ ಸ್ಪೇನ್ ದೇಶದಲ್ಲಿ. ಅಲ್ಲಿನ ಯೆಹೂದಾ ಹಲೇವಿ ಬೆನ್ ಯಿಜುವಿನ ಸಮಕಾಲೀನ. ವೈದ್ಯವೃತ್ತಿ ಮಾಡುತ್ತಿದ್ದ ಆ ಮಹಾಕವಿ ಮುಪ್ಪಿನಲ್ಲಿ ಎಲ್ಲವನ್ನೂ ಬಿಟ್ಟು ಜೆರೂಸಲೇಮಿನ ಹಂಬಲದಿಂದ ಹೊರಟು 1140ರಲ್ಲಿ ಈಜಿಪ್ಟಿಗೆ ಬಂದು, 1141ರ ಮೇ ತಿಂಗಳಲ್ಲಿ ಅಲ್ಲಿಂದ ಹಡಗು ಹತ್ತಿ, ಅದೇ ಬೇಸಿಗೆಯಲ್ಲಿ ತೀರಿಕೊಂಡನು. ಈಜಿಪ್ಟಿನಲ್ಲಿ ಅವನಿಗೆ ಆಪ್ತನಾಗಿದ್ದವನು ಹಲ್ಫೋನ್ ಬೆನ್ ನೆತನೇಲ್ ಎಂಬ ವರ್ತಕ. ಈ ಹಲ್ಫೋನನೋ ಏಡನ್ನಿಗೂ ಭಾರತಕ್ಕೂ ವ್ಯಾಪಾರಕ್ಕೆ ಬಂದುಹೋದವನು. ಆ ಕಾಲದಲ್ಲಿ ಮೆಣಸಿನ ಮೂಟೆ ಹೋಗುವ ದಾರಿಯಲ್ಲೇ ಪದ್ಯವೂ ಓಡಾಡುತ್ತಿತ್ತು. ಮಂಗಳೂರಿನಲ್ಲಿ ಕುಳಿತ ಗೃಹಸ್ಥನು ಹೀಬ್ರೂ ಛಂದಸ್ಸನ್ನು ಮರೆಯದೆ ಇದ್ದುದಕ್ಕೆ ಈ ಓಡಾಟವೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಬೆನ್ ಯಿಜುವಿನ ಪದ್ಯಗಳಲ್ಲಿ ಮದ್ಮೂನನ ಸ್ತುತಿ ಉಂಟು. 1151ರಲ್ಲಿ ಮದ್ಮೂನ್ ತೀರಿಕೊಂಡಾಗ ಬರೆದ ಶೋಕಗೀತವೂ ಉಂಟು. ಒಡೆಯನನ್ನು ಹೊಗಳಿ ಪದ್ಯ ಕಟ್ಟುವುದು ಅಂದಿನ ಪದ್ಧತಿ. ನಮ್ಮ ಆಸ್ಥಾನಕವಿಗಳೂ ಅದನ್ನೇ ಮಾಡಿದವರು. ಮಹಾಕವಿಗಳ ಸಾಲಿನಲ್ಲಿ ಇವನ ಹೆಸರಿಲ್ಲ, ಇರಬೇಕೆಂದು ನಾವು ವಾದಿಸುವುದೂ ಇಲ್ಲ. ಆದರೆ ಈ ಸ್ತುತಿಯನ್ನು ಬರಿಯ ಮುಖಸ್ತುತಿಯೆಂದು ತಳ್ಳಿಹಾಕಲಾಗದು. ಗುರುತು ಪರಿಚಯವಿಲ್ಲದ ಊರಿನಲ್ಲಿ ನಿಂತ ಒಬ್ಬನಿಗೆ ಬಂಡವಾಳ, ಕೆಲಸ, ಧೈರ್ಯ ಕೊಟ್ಟವನು ಮದ್ಮೂನ್. ಸತ್ತವನಿಂದ ಇನ್ನೇನೂ ಬರುವಂತಿಲ್ಲ. ಸ್ತುತಿಗಿಂತ ಶೋಕಗೀತವನ್ನು ನಾವು ಹೆಚ್ಚು ನೆಚ್ಚುವುದು ಅದಕ್ಕೆ. ಈ ಊರಿಗೆ ಮೊದಲ ಸಲ ಬಂದಿಳಿದಾಗ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳಲು ಜಾಗ ಕೊಟ್ಟ ಹಿರಿಯರು ನಮ್ಮಲ್ಲಿ ಯಾರಿಗಿಲ್ಲ?

ಅವನ ಸಂಸಾರದ ಮಾತು ಬಂದಾಗ ಸಂತೋಷ ಅಷ್ಟು ಸರಾಗವಾಗಿ ಬರುವುದಿಲ್ಲ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ಪತ್ರ ಬರೆದನು. ತಾನು ಹಣ ಕೊಟ್ಟು ಕೊಂಡಿದ್ದ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿರುವುದಾಗಿಯೂ ಅವಳು ಇನ್ನು ಸ್ವತಂತ್ರಳೆಂದೂ ಅದರ ತಾತ್ಪರ್ಯ. ಆಶು ಈ ಕರಾವಳಿಯ ಹೆಣ್ಣು. ಲೆಕ್ಕದ ಚೀಟಿಯೊಂದರಲ್ಲಿ ಅವಳ ಅಣ್ಣತಮ್ಮಂದಿರಲ್ಲೊಬ್ಬನನ್ನು ‘ನಾಯರ್’ ಎಂದಿರುವುದರಿಂದ ಅವಳು ನಾಯರ್ ಕುಲದವಳೆಂದು ವಿದ್ವಾಂಸರ ಅಭಿಪ್ರಾಯ. ಅವಳಿಗೆ ಬೆರಾಖಾ ಎಂದು ಹೊಸ ಹೆಸರಿಟ್ಟನು. ‘ಆಶೀರ್ವಾದ’ ಎಂದು ಅರ್ಥ. ಊರಲ್ಲಿದ್ದ ಸಹೋದರಿಯ ಹೆಸರೂ ಅದೇ. ಅವರಿಗೆ ಮಕ್ಕಳಾದುವು. ಸುರೂರ್ ಎಂಬ ಮಗ, ಸಿತ್ತ್-ಅಲ್-ದಾರ್ ಎಂಬ ಮಗಳು. ಇನ್ನೊಂದು ಗಂಡುಮಗು ಚಿಕ್ಕಂದಿನಲ್ಲೇ ತೀರಿಕೊಂಡಿತು.

ಏಡನ್ನಿನ ಸ್ನೇಹಿತರು ತಮ್ಮ ಪತ್ರಗಳ ಕೊನೆಗೆ ಮಕ್ಕಳಿಗೆ ಆಶೀರ್ವಾದ ಬರೆಯುತ್ತಾರೆ. ಮನೆಯ ಆಳಿಗೂ ಕ್ಷೇಮ ಕೇಳುತ್ತಾರೆ. ಆಶುವಿನ ಹೆಸರು ಮಾತ್ರ ಬರುವುದಿಲ್ಲ. 1149ರಲ್ಲಿ ಬೆನ್ ಯಿಜು ಏಡನ್ನಿಗೆ ಮರಳಿದಾಗ ಮಕ್ಕಳು ಜೊತೆಗಿದ್ದರು, ತಾಯಿಯ ಮಾತಿಲ್ಲ. ಬಿಡುಗಡೆ ಪತ್ರ ಬರೆದುದು ಒಳ್ಳೆಯ ಕೆಲಸವೆಂದು ಒಪ್ಪೋಣ. ಕೊಂಡವನೂ ಅವನೇ ಎಂಬುದನ್ನು ಮರೆಯುವಂತಿಲ್ಲ. ಆಶು ತಾನೇ ಒಂದು ಸಾಲು ಬರೆಯಿಸಿದ್ದರೆ ಅದು ಓಲೆಗರಿಯ ಮೇಲಿರುತ್ತಿತ್ತು, ನಮ್ಮ ಮಳೆಗೆ ಎಂದೋ ಗೊಬ್ಬರವಾಗುತ್ತಿತ್ತು.

ಪತ್ರಗಳಲ್ಲಿ ಕ್ಷೇಮ ಕೇಳಲಾದ ಆಳಿನ ಸಂಗತಿ ಇನ್ನೊಂದು ಬಗೆಯದು, ಅದಕ್ಕೆ ಕಲ್ಕತ್ತೆಯ ನಂಟಿದೆ. 1956ರಲ್ಲಿ ಈ ಊರಿನಲ್ಲಿ ಹುಟ್ಟಿದ ಲೇಖಕ ಅಮಿತಾವ್ ಘೋಷ್ 1978ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, ಗೊಯಿಟೈನರು ಅನುವಾದಿಸಿದ ಪತ್ರಸಂಗ್ರಹವೊಂದು ಅವರ ಕೈಗೆ ಬಂತು. ಅದರಲ್ಲಿ ಏಡನ್ನಿನ ಖಲಫ್ ಇಬ್ನ್ ಇಸ್ಹಾಕ್ ಎಂಬ ವರ್ತಕನು ಮಂಗಳೂರಿನ ಬೆನ್ ಯಿಜುವಿಗೆ ಬರೆದ ಪತ್ರವಿತ್ತು. ಅದರಲ್ಲಿ ಒಬ್ಬ ಭಾರತೀಯ ಆಳಿಗೆ ನಮಸ್ಕಾರ ತಿಳಿಸಿದ್ದಿತು. ರಾಜರೂ ಸೇನಾಪತಿಗಳೂ ತುಂಬಿದ ಆ ಶತಮಾನದ ಚರಿತ್ರೆಯಲ್ಲಿ ಈ ಆಳು ಯಾರೆಂದು ಘೋಷ್ ಅವರಿಗೆ ತಲೆಗೆ ಹತ್ತಿತು. ಈಜಿಪ್ಟಿನ ಹಳ್ಳಿಯಲ್ಲಿದ್ದು ಅರಬ್ಬಿ ಕಲಿತರು. ಹೀಬ್ರೂ ಲಿಪಿಯ ಅರಬ್ಬಿಯನ್ನು ಓದಲು ಕಲಿತರು. 1990ರಲ್ಲಿ ಮಂಗಳೂರಿಗೂ ಬಂದರು.

ಪತ್ರದಲ್ಲಿ ಆ ಹೆಸರು ಸ್ವರಗಳಿಲ್ಲದ ಎರಡು ಮೂರು ಅಕ್ಷರ. ಬಕಾರ, ಮಕಾರ ಸ್ಪಷ್ಟ. ಅದನ್ನು ‘ಬಾಮಾ’ ಎಂದು ಓದಲಾಗಿತ್ತು. ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ಘೋಷ್ ಅವರಿಗೆ ಮನದಟ್ಟಾಯಿತು. ಬ್ರಹ್ಮ ಎಂಬುದರಿಂದ ಬಂದ ಹೆಸರು. ತುಳುನಾಡಿನಲ್ಲಿ ಬೆರ್ಮೆರ್ ಎಂಬ ದೈವವೂ ಇದೆ. ಬೊಮ್ಮಣ್ಣ, ಬೊಮ್ಮಯ್ಯ, ಬೊಮ್ಮರಸ ಎಂದು ಕೇಳಿ ಬೆಳೆದ ನಮಗೆ ಇದು ಮನೆಯ ಹೆಸರು. ಈ ಬೊಮ್ಮನು ಒಡೆಯನ ಮಾಲನ್ನು ತೆಗೆದುಕೊಂಡು ಸಮುದ್ರ ದಾಟಿ ಏಡನ್ನಿಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದನು. ಒಮ್ಮೆ ಅಲ್ಲಿ ಕುಡಿದು ಮದ್ಮೂನನ ಮುಂದೆ ನಿಂತು ಹಣಕ್ಕಾಗಿ ಗಲಾಟೆ ಮಾಡಿದ ಸಂಗತಿಯೂ ಪತ್ರದಲ್ಲಿದೆ. ಒಡೆಯನಿಗೆ ಅದು ದೂರು. ಆ ದೂರಿನಿಂದಲೇ ತುಳುನಾಡಿನ ಒಬ್ಬ ಕೆಲಸಗಾರ 900 ವರ್ಷದ ಮೇಲೂ ಹೆಸರುಗೊಂಡು ಉಳಿದಿದ್ದಾನೆ. ಇದನ್ನೆಲ್ಲ ಘೋಷ್ ಅವರು ‘ಇನ್ ಆನ್ ಆಂಟೀಕ್ ಲ್ಯಾಂಡ್’ ಎಂಬ ಪುಸ್ತಕವಾಗಿ 1992ರಲ್ಲಿ ಹೊರತಂದರು. ಇಂಗ್ಲಿಷ್ ಸ್ವಲ್ಪ ತಡವರಿಸಿದರೂ ಪರವಾಗಿಲ್ಲ, ಓದಿರಿ; ಕಥೆ ಎಳೆದುಕೊಂಡು ಹೋಗುತ್ತದೆ.

ಇನ್ನು ಕವಿಯ ಕೊನೆಯ ವರ್ಷಗಳು. 1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್ ಮಹ್ದಿಯಾವನ್ನು ಗೆದ್ದುಕೊಂಡನು. ಹುಟ್ಟೂರು ಪರರ ಪಾಲಾಯಿತು, ಒಡಹುಟ್ಟಿದವರು ಗತಿಗೆಟ್ಟರೆಂಬ ಸುದ್ದಿ ಬೆನ್ ಯಿಜುವಿಗೆ ಮುಟ್ಟಿತು. 1149ರ ಸೆಪ್ಟೆಂಬರ್ 11ರಂದು ಏಡನ್ನಿನಿಂದ ಅವರಿಗೆ ಪತ್ರ ಬರೆದನು. ನಾನು ಭಾರತದಿಂದ ಕ್ಷೇಮವಾಗಿ ಬಂದಿದ್ದೇನೆ, ನಮ್ಮೆಲ್ಲರ ಬದುಕಿಗೆ ಸಾಲುವಷ್ಟು ಗಳಿಸಿ ತಂದಿದ್ದೇನೆ, ನೀವು ಬನ್ನಿರಿ, ನನ್ನ ಮಗಳನ್ನು ನಿಮ್ಮಲ್ಲೇ ಒಬ್ಬರ ಮಗನಿಗೆ ಕೊಡುತ್ತೇನೆ ಎಂಬುದು ಪತ್ರದ ಸಾರ. ಊರಿನಿಂದ ಕೆಟ್ಟ ಸುದ್ದಿ ಬಂದ ರಾತ್ರಿ ದೂರದಲ್ಲಿರುವ ದುಡಿಯುವ ಮಗ ಬೇರೇನು ಬರೆದಾನು?

ಆ ಹಣದ ಗತಿ ಕೇಳಿ. ಮುಬಶ್ಶಿರನು ತನ್ನ ಒಡಹುಟ್ಟಿದವನಿಗೇ ಮೋಸ ಮಾಡಿ ಸಾವಿರ ದಿನಾರಿನಷ್ಟು ಲಪಟಾಯಿಸಿದನು. ಗೊಯಿಟೈನರ ಲೆಕ್ಕದ ಪ್ರಕಾರ ಸಾಧಾರಣ ಕುಟುಂಬವೊಂದು ತಿಂಗಳಿಗೆ 2 ದಿನಾರಿನಲ್ಲಿ ಬದುಕಬಹುದಾಗಿತ್ತು. ಭಾಗಾಕಾರ ಮಾಡಿನೋಡಿರಿ, 40 ವರ್ಷಕ್ಕೂ ಮೀರಿದ ಸಂಸಾರದ ಖರ್ಚು. ಹೀಗಿದ್ದರೂ ಬೆನ್ ಯಿಜು ಸಂಬಂಧದ ಆಸೆ ಬಿಡಲಿಲ್ಲ. ಗಂಡುಮಗ ಏಡನ್ನಿನಲ್ಲಿ ತೀರಿಕೊಂಡನು, ಉಳಿದವಳು ಮಗಳೊಬ್ಬಳೇ. ಖಲಫ್ ಅವಳನ್ನು ಸುಮಾರು ಮೂರು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿ, ತನ್ನ ಮಗನಿಗೆ ಕೇಳಿದನು. ಅಷ್ಟು ಹಳೆಯ ಸ್ನೇಹಿತ, ಕೊಡಬಹುದಾಗಿತ್ತು. ಬೆನ್ ಯಿಜು ಒಪ್ಪಲಿಲ್ಲ. ರಕ್ತಸಂಬಂಧವೇ ಹೆಚ್ಚೆಂದು ಹಟ ಹಿಡಿದನು. ನಮ್ಮ ಊರುಗಳಲ್ಲಿ ಸೋದರಸಂಬಂಧಕ್ಕಾಗಿ ನಡೆಯುವ ಹಟ ನೋಡಿದವರಿಗೆ ಇದು ಅರ್ಥವಾಗುತ್ತದೆ, ಆದರೂ ಖಲಫನ ಬಗೆಗೆ ನಮಗೆ ಮರುಕವೇ. ಆ ಹುಡುಗಿಯನ್ನು ಯಾರು ಕೇಳಿದರು?

ಬಳಿಕ ಬೆನ್ ಯಿಜು ಈಜಿಪ್ಟಿನ ಫುಸ್ತಾತ್‌ಗೆ ಹೋಗಿ, ಸಿಸಿಲಿಯ ಮಾಜರಾದಲ್ಲಿದ್ದ ಯೂಸುಫನಿಗೆ ಮತ್ತೆ ಬರೆದನು. ಈ ಸಲ ಪತ್ರ ತಲುಪಿತು. ಯೂಸುಫನ ಹಿರಿಯ ಮಗ ಪೆರಹ್ಯಾ ಬಂದನು. ಅಜ್ಜನ ಹೆಸರೇ ಮೊಮ್ಮಗನಿಗೆ. 1156ರಲ್ಲಿ ಫುಸ್ತಾತ್‌ನಲ್ಲಿ ಅವನಿಗೂ ಸಿತ್ತ್-ಅಲ್-ದಾರಳಿಗೂ ಮದುವೆಯಾಯಿತು. ಪೆರಹ್ಯಾ ಮುಂದೆ ಈಜಿಪ್ಟಿನ ಅಲ್-ಮಹಲ್ಲಾ ಎಂಬ ಊರಿನಲ್ಲಿ ತನ್ನ ಜನರ ನ್ಯಾಯಾಧಿಪತಿಯಾದನು. ಸಂಸಾರ ಫುಸ್ತಾತ್ ಸೇರಿದ್ದರಿಂದಲೇ ಮಂಗಳೂರಿನಿಂದ ಹೊತ್ತುತಂದ ಕಾಗದಗಳೂ ಬೆನ್ ಎಜ್ರಾದ ಕೋಣೆ ಸೇರಿದುವು. ಶೋಕಗೀತ, ಕಂಚಿನ ಆರ್ಡರು, ಏಲಕ್ಕಿಯ ಬಾಕಿ, ಬೊಮ್ಮನ ಮೇಲಿನ ದೂರು, ಆಶುವಿನ ಬಿಡುಗಡೆ ಪತ್ರ, ಎಲ್ಲವೂ ಒಂದೇ ರಾಶಿಯಲ್ಲಿ. ಮಂಗಳೂರಿನಲ್ಲಿ ಬೆಳೆದ ಆ ಮಗಳ ಮದುವೆಯಲ್ಲಿ ಕೊಟ್ಟ ಒಡವೆ ವಸ್ತುಗಳ ಪಟ್ಟಿಯೂ ಅವುಗಳ ನಡುವೆ ಇತ್ತು.